ಬೆಳಕಿನ ತಿರುವು ಮತ್ತು ವಸ್ತುವಿನ ಅಂತರಂಗ

ಗುರುಗುಂಟೆಗೆ ಸಮೀಪದ ಹಟ್ಟಿಯಲ್ಲಿ ಚಿನ್ನವನ್ನು ಪಡೆಯಬೇಕಾದರೆ ಶಿಲೆಯನ್ನು ಒಡೆದು ಪುಡಿಮಾಡಬೇಕು. ಆದರೆ ವಸ್ತುವನ್ನು ಒಡೆಯದೆ, ಬೆಳಕನ್ನು ಹಾಯಿಸಿಯೇ ಅದರ ಅಂತರಂಗವನ್ನು ಅರಿಯುವ ಮಾರ್ಗವೊಂದುಂಟು. ೧೮೪೫ರಲ್ಲಿ ಮೈಕೇಲ್ ಫ್ಯಾರಡೆ ಸೀಸದ ಗಾಜಿನ ಮೇಲೆ ನಡೆಸಿದ ಪ್ರಯೋಗವೇ ಅದಕ್ಕೆ ತಳಹದಿ.

ನಿಕಾಲ್ ಪಟ್ಟಕವನ್ನು ದಾಟಿದ ಬೆಳಕು ಒಂದೇ ಸಮತಲದಲ್ಲಿ ಕಂಪಿಸುತ್ತದೆ. ಇಂತಹ ಬೆಳಕು ಕಾಂತಕ್ಷೇತ್ರದ ದಿಕ್ಕಿನಲ್ಲಿಯೇ ಪಾರದರ್ಶಕ ವಸ್ತುವೊಂದನ್ನು ಹಾದುಹೋದಾಗ ಆ ಸಮತಲವು ತಿರುಗುತ್ತದೆ. ತಿರುವಿನ ಕೋನವು ಕ್ಷೇತ್ರದ ಬಲವನ್ನೂ ವಸ್ತುವಿನ ಉದ್ದವನ್ನೂ ಅನುಸರಿಸಿ ಹೆಚ್ಚುತ್ತದೆ. ವಸ್ತುವಿಗೆ ವಿಶಿಷ್ಟವಾದ ಗುಣಕಕ್ಕೆ ವರ್ಡೆ ಸ್ಥಿರಾಂಕವೆಂದು ಹೆಸರು. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ (೫೮೯೩ ಆಂಗ್‌ಸ್ಟ್ರಾಮ್) ನೀರಿಗೆ ಇದು ೦.೦೧೩೧ ಕಲೆ. ಎಂದರೆ ೧೦೦೦ ಗೌಸ್ ಕ್ಷೇತ್ರದಲ್ಲಿ ೧೦ ಸೆಂಟಿಮೀಟರ್ ನೀರು ಬೆಳಕನ್ನು ೧೩೧ ಕಲೆ, ಅಂದರೆ ಎರಡು ಅಂಶಕ್ಕಿಂತ ತುಸು ಹೆಚ್ಚು ತಿರುಗಿಸುತ್ತದೆ.

ಅಳತೆಯ ಕ್ರಮ ಸರಳ. ಎರಡು ಪಟ್ಟಕಗಳ ನಡುವೆ, ವಿದ್ಯುತ್ಕಾಂತದ ರಂಧ್ರವುಳ್ಳ ಧ್ರುವಗಳ ಮಧ್ಯೆ ವಸ್ತುವನ್ನಿಟ್ಟು, ಬೆಳಕು ಪೂರ್ಣವಾಗಿ ಅಳಿಯುವಂತೆ ಎರಡನೆಯ ಪಟ್ಟಕವನ್ನು ನಿಲ್ಲಿಸಬೇಕು. ಕ್ಷೇತ್ರವನ್ನು ಹರಿಸಿದಾಗ ಬೆಳಕು ಮತ್ತೆ ಕಾಣಿಸಿಕೊಳ್ಳುತ್ತದೆ. ಅದನ್ನು ಪುನಃ ಅಳಿಸಲು ಪಟ್ಟಕವನ್ನು ತಿರುಗಿಸಿದ ಕೋನವೇ ಉತ್ತರ. ವಿದ್ಯುತ್ತಿನ ದಿಕ್ಕನ್ನು ಬದಲಿಸಿದರೆ ತಿರುವೂ ವಿರುದ್ಧ ದಿಕ್ಕಿಗೆ ಬರುವುದರಿಂದ, ಎರಡರ ವ್ಯತ್ಯಾಸವನ್ನು ಅರ್ಧಿಸಿ ದೋಷವನ್ನು ತಗ್ಗಿಸಬಹುದು.

ಆದರೆ ಒಂದೇ ಬಣ್ಣದಲ್ಲಿ ದೊರೆತ ಕೋನವು ತಿರುವು ಎಷ್ಟೆಂದು ಹೇಳುವುದೇ ಹೊರತು ಏಕೆಂದು ಹೇಳದು. ಪಾದರಸ ದೀಪದ ಹಳದಿ, ಹಸಿರು, ನೀಲಿ ರೇಖೆಗಳನ್ನು ಒಂದೊಂದಾಗಿ ಬಳಸಿದರೆ, ತರಂಗಾಂತರ ಕಿರಿದಾದಂತೆ ಗಾಜು, ನೀರುಗಳಲ್ಲಿ ತಿರುವು ಹೆಚ್ಚುವುದು ಕಾಣುತ್ತದೆ. ವಕ್ರೀಭವನಾಂಕವು ತರಂಗಾಂತರದೊಡನೆ ಬದಲಾಗುವ ದರದಿಂದಲೇ ಈ ತಿರುವನ್ನು ಲೆಕ್ಕಹಾಕುವ ಸೂತ್ರವನ್ನು ಆನ್ರಿ ಬೆಕೆರೆಲ್ ೧೮೯೭ರಲ್ಲಿ ಕೊಟ್ಟನು. ಲೆಕ್ಕಕ್ಕೂ ಅಳತೆಗೂ ಎಷ್ಟು ಹೊಂದುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಈ ಪ್ರಶ್ನೆಯನ್ನು ಕರ್ನಾಟಕದ ನೆಲದಲ್ಲಿಯೇ ಕೈಗೆತ್ತಿಕೊಂಡವರು ಎಸ್. ರಾಮಶೇಷನ್. ೧೯೪೦ರ ದಶಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ನರ ಮಾರ್ಗದರ್ಶನದಲ್ಲಿದ್ದಾಗ ಅವರು ವಜ್ರ, ಗಾಜು ಹಾಗೂ ಹರಳುಗಳ ಕಾಂತಭ್ರಮಣವನ್ನು ಅಳೆದರು. ವಜ್ರದಲ್ಲಿ ಅಳತೆಯು ಲೆಕ್ಕಕ್ಕಿಂತ ಬಹಳ ಕಡಿಮೆ ಬಂದಿತು. ಇದು ಸೂತ್ರದ ಸೋಲಲ್ಲ, ವಜ್ರದ ಸ್ವಭಾವದ ಸಾಕ್ಷಿ. ಬೆಕೆರೆಲ್‌ನ ಲೆಕ್ಕವು ಒಂಟಿ ಪರಮಾಣುವಿನ ಎಲೆಕ್ಟ್ರಾನುಗಳಿಗೆ ಒಪ್ಪುವಂತಹುದು. ವಜ್ರದಲ್ಲಾದರೋ ಅವು ನೆರೆಯ ಇಂಗಾಲದ ಪರಮಾಣುಗಳ ನಡುವಣ ಬಂಧಗಳಲ್ಲಿ ಹಂಚಿಹೋಗಿವೆ.

ರಾಮಶೇಷನ್ ಮುಂದೆ ೧೯೮೧ರಿಂದ ೧೯೮೪ರವರೆಗೆ ಅದೇ ಮಂದಿರದ ನಿರ್ದೇಶಕರಾದರು. ಲೇಸರ್ ಬೆಳಕು ಹಿಂದಿರುಗದಂತೆ ತಡೆಯುವ ಉಪಕರಣಗಳಿಗೂ ಫ್ಯಾರಡೆಯ ತಿರುವೇ ಆಧಾರ. ಲೆಕ್ಕಕ್ಕೆ ಹೊಂದದ ಅಳತೆಯನ್ನು ತಿದ್ದಿ ಬರೆಯದೆ ಅದರ ಕಾರಣವನ್ನು ಅರಸುವ ಪ್ರಾಮಾಣಿಕತೆಯು ವಿದ್ಯಾರ್ಥಿಯ ಪ್ರಯೋಗ ಪುಸ್ತಕದಿಂದಲೇ ಆರಂಭವಾಗಬೇಕು.