ಪಾಲಾದ ಜೇನಿಗೆ ಹೊಸ ಪೆಟ್ಟಿಗೆ

ಮಳೆಗಾಲ ಕಳೆದು ಕಾಡಿನಲ್ಲಿ ಹೂವು ಹೆಚ್ಚುತ್ತಿದ್ದಂತೆ, ಮಲೆನಾಡು ಮತ್ತು ಕರಾವಳಿಯ ತುಡುವೆ ಜೇನು ಸಾಕಣೆದಾರರು ಪೆಟ್ಟಿಗೆಯ ಅಡಿಮಣೆಯನ್ನು ಆಗಾಗ ಪರೀಕ್ಷಿಸತೊಡಗುತ್ತಾರೆ. ನಡುವೆ ಸೂಕ್ಷ್ಮ ತೂತಿರುವ ಪುಟ್ಟ ಮುಚ್ಚಳಗಳು ಅಲ್ಲಿ ಉದುರಿದ್ದರೆ ಗಂಡುನೊಣಗಳು ಹೊರಬಂದಿವೆ ಎಂದೇ ಲೆಕ್ಕ. ಮುಂದಿನ ಹುಡುಕಾಟ ಎರಿಗಳ ಕೆಳ ಅಂಚಿನಲ್ಲಿ. ಶೇಂಗಾ ಕಾಯಿಯಂತೆ ಜೋತುಬಿದ್ದ ರಾಣಿ ಕೋಶ ಕಂಡಿತೆಂದರೆ ಕುಟುಂಬ ಪಾಲಾಗಲು, ಅಂದರೆ ಒಡೆದು ಎರಡಾಗಲು, ಸಿದ್ಧವಾಗಿದೆ.

ಮೊಟ್ಟೆಯಿಂದ ರಾಣಿ ಹೊರಬರಲು ಸುಮಾರು 16 ದಿನ ಬೇಕು. ಹಳೆ ರಾಣಿ ಅಷ್ಟು ಕಾಯುವುದಿಲ್ಲ. ಕೋಶಕ್ಕೆ ಮುಚ್ಚಳ ಬೀಳುವ ಹೊತ್ತಿಗೆ, ಒಳ್ಳೆಯ ಬಿಸಿಲಿರುವ ದಿನ, ದೊಡ್ಡ ಹಿಂಡು ಕಟ್ಟಿಕೊಂಡು ಹೊರಟುಬಿಡುತ್ತದೆ. ಎರಿ, ಮರಿ, ಉಳಿದ ಜೇನು ಎಲ್ಲವೂ ಬರಲಿರುವ ರಾಣಿಗೆ. ಮೇವಿಲ್ಲದೆಯೋ ಇರುವೆ, ಮೇಣದ ಹುಳುವಿನ ಕಾಟಕ್ಕೋ ಇಡೀ ಕುಟುಂಬ ಗೂಡು ತೊರೆಯುವುದು ಬೇರೆ. ಅದು ಸಂಕಟದ ಓಟ. ಪಾಲಾಗುವುದು ಸಮೃದ್ಧಿಯ ಲಕ್ಷಣ. ಅದನ್ನು ನಷ್ಟವೆಂದು ಕೊರಗಬೇಕಿಲ್ಲ.

ಹೊರಟ ಹಿಂಡು ಮೊದಲು ಹತ್ತಿರದ ಕೊಂಬೆಯೊಂದರಲ್ಲಿ ಗೊಂಚಲಾಗಿ ಕೂರುತ್ತದೆ. ಅಲ್ಲಿಂದ ಕೆಲವು ನೊಣಗಳು ಮನೆ ಹುಡುಕಲು ಹೋಗುತ್ತವೆ. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ಮ್ಯೂನಿಕ್‌ನಲ್ಲಿ ವಿಜ್ಞಾನಿ ಮಾರ್ಟಿನ್ ಲಿಂಡಾವರ್ ಇಂಥದೇ ಗೊಂಚಲಿನ ಮೇಲೆ ಮಸಿ, ಇಟ್ಟಿಗೆ ಪುಡಿ ಮೆತ್ತಿಕೊಂಡ ನೊಣಗಳು ಕುಣಿಯುವುದನ್ನು ಕಂಡರು. ಚಿಮಣಿ, ಗೋಡೆಯ ಬಿರುಕುಗಳನ್ನು ನೋಡಿಬಂದ ಅವು ತಮಗೆ ಹಿಡಿಸಿದ ಜಾಗದ ದಿಕ್ಕು, ದೂರವನ್ನು ಕುಣಿತದಲ್ಲೇ ತಿಳಿಸುತ್ತಿದ್ದವು. ಒಂದು ಜಾಗಕ್ಕೆ ಬೆಂಬಲ ಸಾಕಷ್ಟು ಬೆಳೆದೊಡನೆ ಹಿಂಡು ಹಾರುತ್ತದೆ.

ಹಿಡಿಯುವವರಿಗೆ ಸಿಗುವುದು ಆ ನಡುವಿನ ಬಿಡುವು ಮಾತ್ರ. ಹೊಟ್ಟೆ ತುಂಬ ಜೇನು ಹೀರಿ ಹೊರಟ ನೊಣಗಳು ಆಗ ಕುಟುಕುವುದು ಕಡಿಮೆ. ಗೊಂಚಲಿನ ಮೇಲೆ ಬುಟ್ಟಿಯನ್ನು ಬೋರಲಾಗಿ ಹಿಡಿದು ಕೆಳಗಿನಿಂದ ತೆಳುವಾಗಿ ಹೊಗೆ ಕೊಟ್ಟರೆ ಅವು ಕತ್ತಲಿನತ್ತ ಮೆಲ್ಲಗೆ ಹತ್ತುತ್ತವೆ. ರಾಣಿ ಒಳಗೆ ಸೇರಿತೆಂದರೆ ಉಳಿದವು ಹಿಂದೆಯೇ ಬರುತ್ತವೆ. ರಾಣಿಯೇ ತಪ್ಪಿಸಿಕೊಂಡರೆ ಎಲ್ಲವೂ ಮತ್ತೆ ಕೊಂಬೆಗೆ! ಪೆಟ್ಟಿಗೆಗೆ ಇಳಿಸಿದ ಮೇಲೆ ಬಾಗಿಲಿಗೆ ರಾಣಿ ತಡೆ ಹಾಕುತ್ತಾರೆ. ಕೆಲಸಗಾರ ನೊಣ ನುಸುಳಬಹುದು, ರಾಣಿಗೆ ಆಗದು. ಬೇರೆ ಪೆಟ್ಟಿಗೆಯ ಮರಿಗಳಿರುವ ಎರಿಯೊಂದನ್ನು ಕೊಟ್ಟರೆ ಹಿಂಡು ಬೇಗ ನೆಲೆಗೊಳ್ಳುತ್ತದೆ. ಸಕ್ಕರೆ ಪಾಕ ಮಾತ್ರ ಸಂಜೆ ಕತ್ತಲಾದ ಮೇಲೆ, ಹಗಲು ಇಟ್ಟರೆ ಬೇರೆ ಗೂಡಿನವು ದೋಚಲು ಬರುತ್ತವೆ.

ಹಾರುವ ಮೊದಲೇ ಪಾಲು ಮಾಡುವುದು ಇನ್ನೂ ಮೇಲು. 20ನೇ ಶತಮಾನದ ಆರಂಭದಲ್ಲಿ ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್ ತುಡುವೆಗೆ ಒಪ್ಪುವ ಪೆಟ್ಟಿಗೆ ರೂಪಿಸಿದ್ದರಿಂದ, ಚೌಕಟ್ಟು ಸಮೇತ ಎರಿಗಳನ್ನು ಎತ್ತಿ ಕುಟುಂಬ ಹಂಚುವುದು ದಕ್ಷಿಣ ಭಾರತದ ರೈತರಿಗೆ ಸುಲಭವಾಯಿತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಇಲ್ಲಿನ ತುಡುವೆಗಳನ್ನು ಸಾಲುಸಾಲಾಗಿ ಕೊಂದಾಗ ಈ ಕೌಶಲದ ಬೆಲೆ ತಿಳಿಯಿತು. ರೋಗ ತಾಳಿ ಉಳಿದ ಕುಟುಂಬಗಳನ್ನು ಹೆಚ್ಚಿಸಿಯೇ ಖಾಲಿ ಪೆಟ್ಟಿಗೆಗಳನ್ನು ತುಂಬಬೇಕಿತ್ತು.

ಹಿಂಡು ಬಿಟ್ಟುಹೋದ ಹಳೆ ಪೆಟ್ಟಿಗೆಯನ್ನೂ ಮರೆಯುವಂತಿಲ್ಲ. ಒಂದು ಒಳ್ಳೆಯ ರಾಣಿ ಕೋಶ ಉಳಿಸಿ ಮಿಕ್ಕವನ್ನು ತೆಗೆಯಬೇಕು. ಇಲ್ಲವಾದರೆ ಕುಟುಂಬ ಮತ್ತೆ ಮತ್ತೆ ಒಡೆದು ಸೊರಗುತ್ತದೆ. ಹೊಸ ರಾಣಿ ಹಾರಿಹೋಗಿ ಕೂಡಿ ಬಂದು ಮೊಟ್ಟೆಯಿಡುವವರೆಗೆ ಆ ಪೆಟ್ಟಿಗೆಯನ್ನು ಅಲ್ಲಾಡಿಸದೆ ಬಿಡುತ್ತಾರೆ.