ರಾ ಫೈಲೂ ಗೃಹಸ್ಥನ ತಂತ್ರಾಂಶವೂ

ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡಿದವರು ಬಲ್ಲರು: ಹೊರಗೆ ಕಣ್ಣು ಕೋರೈಸುವ ಬಿಸಿಲಿದ್ದರೂ ಒಳಗೆ ಕಂಬಗಳ ನಡುವೆ ಮಬ್ಬುಗತ್ತಲೆ. ಅಲ್ಲಿ ಬಾಗಿಲ ಬಳಿ ನಿಂತಿದ್ದ ನಮ್ಮ ಭಾವನವರನ್ನು ಅವರ ಮಗನು, ಎಂದರೆ ನನ್ನ ಸೋದರಳಿಯನು, ಒಳಗಿನಿಂದ ಚಿತ್ರ ತೆಗೆದನು. ಬಾಗಿಲಾಚೆಯ ಅಂಗಳವೇನೋ ಚೆನ್ನಾಗಿ ಬಂದಿತು. ಭಾವನವರ ಮುಖ ಮಾತ್ರ ಮಸಿಯಾಯಿತು. ಆ ಮಳೆಗಾಲದಲ್ಲಿಯೇ ಅವರು ತೀರಿಕೊಂಡರು. ಅದೇ ಅವರ ಕಡೆಯ ಚಿತ್ರ.

ಹುಡುಗನು ಶಿವಮೊಗ್ಗೆಯ ನಮ್ಮ ಮನೆಗೆ ಬಂದು, "ಮಾವ, ಇದರಲ್ಲಿ ಅಪ್ಪನ ಮುಖ ಕಾಣುವ ಹಾಗೆ ಮಾಡಲಾದೀತೇ?" ಎಂದು ಕೇಳಿದನು. ಪುಣ್ಯಕ್ಕೆ ಅವನ ಕ್ಯಾಮರಾ ಸಿದ್ಧಚಿತ್ರದೊಡನೆ ರಾ ಫೈಲನ್ನೂ ಉಳಿಸಿಕೊಂಡಿತ್ತು.

ರಾ ಫೈಲನ್ನು ಅಕ್ಕಿಗೂ ಸಿದ್ಧಚಿತ್ರವನ್ನು ಅನ್ನಕ್ಕೂ ಹೋಲಿಸಬಹುದು. ಕ್ಯಾಮರಾದ ಸಂವೇದಕವು ಅಳೆದ ಬೆಳಕಿನ ಲೆಕ್ಕವೇ ರಾ ಫೈಲು. ಬಹುತೇಕ ಕ್ಯಾಮರಾಗಳಲ್ಲಿ ಒಂದೊಂದು ಬಿಂದುವೂ ಕೆಂಪು, ಹಸುರು, ನೀಲಿಗಳೊಳಗೆ ಒಂದನ್ನು ಮಾತ್ರ ಅಳೆಯುವುದು. ಉಳಿದೆರಡನ್ನು ನೆರೆಯ ಬಿಂದುಗಳಿಂದ ಗಣಿಸಿ ತುಂಬುವುದು ತಂತ್ರಾಂಶದ ಕೆಲಸ. ಜೆಪೆಗ್ ಎಂಬ ಸಿದ್ಧಚಿತ್ರದಲ್ಲಿ ಪ್ರತಿ ಬಣ್ಣಕ್ಕೂ 256 ಮೆಟ್ಟಿಲುಗಳಿದ್ದರೆ, 14 ಬಿಟ್ಟಿನ ರಾ ಫೈಲಿನಲ್ಲಿ 16,384 ಮೆಟ್ಟಿಲುಗಳುಂಟು. ನಮಗೆ ಮಸಿಯೆಂದು ತೋರಿದ ಮುಖವು ಅಲ್ಲಿ ಕೆಳಗಿನ ಮೆಟ್ಟಿಲುಗಳಲ್ಲಿ ಅಡಗಿ ಕುಳಿತಿತ್ತು.

ಅಳಿಯನು ಆತುರಗಾರ. ಕೆಲವು ದಿನ ಪರೀಕ್ಷಾರ್ಥವಾಗಿ ಉಚಿತವಾಗಿ ದೊರೆಯುವ ಒಂದು ತಂತ್ರಾಂಶದಲ್ಲಿ ರಾತ್ರಿಯೆಲ್ಲ ಕುಳಿತು ಮುಖವನ್ನು ಹೊರತಂದನು. ಅಕ್ಕನಿಗೆ ತೋರಿಸಿದಾಗ, "ಅವರು ಇಷ್ಟು ಕೆಂಪಗಿರಲಿಲ್ಲವಪ್ಪ" ಎಂದಳು. ತಿದ್ದಲು ಹೋಗುವಷ್ಟರಲ್ಲಿ ಗಡುವು ಮುಗಿದಿತ್ತು. ಹಣ ಕಟ್ಟಿದ ಹೊರತು ಮುಂದುವರಿಯುವಂತಿರಲಿಲ್ಲ. ಅಪ್ಪನ ಮುಖಕ್ಕೆ ತಿಂಗಳ ಬಾಡಿಗೆ ಕೊಡುವುದೇ ಎಂದು ಹುಡುಗನು ಮುನಿದನು.

ಬಾಡಿಗೆಯ ಪದ್ಧತಿಯನ್ನು ನಾನು ಹಳಿಯುವವನಲ್ಲ. 2007ರಲ್ಲಿ ಬಂದ ಅಡೋಬಿ ಸಂಸ್ಥೆಯ ಲೈಟ್‌ರೂಮ್ ಮೊದಲು ಒಮ್ಮೆಗೇ ಕೊಳ್ಳುವ ಸರಕಾಗಿತ್ತು. 2015ರ ಆರನೆಯ ಆವೃತ್ತಿಯೇ ಹಾಗೆ ಮಾರಾಟವಾದ ಕಡೆಯದು. ಲಗ್ನದ ಕಾಲದಲ್ಲಿ ಸಾವಿರಾರು ಚಿತ್ರಗಳನ್ನು ಸಿದ್ಧಪಡಿಸುವ ಸ್ಟುಡಿಯೋದವರಿಗೆ ಚಂದಾಹಣ ಗಿಟ್ಟುವುದು. ವರ್ಷಕ್ಕೆ ನಾಲ್ಕು ಹಬ್ಬ, ಒಂದು ಪ್ರವಾಸದ ಚಿತ್ರ ತೆಗೆಯುವ ಗೃಹಸ್ಥನಿಗೆ ಅದೇತಕ್ಕೆ?

ಅಂಥವರು ಮೊದಲು ಕ್ಯಾಮರಾ ಮಾಡಿದವರೇ ಕೊಡುವ ತಂತ್ರಾಂಶವನ್ನು ನೋಡಲಿ. ಕ್ಯಾನನ್‌ನವರ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ನವರ ಎನ್‌ಎಕ್ಸ್ ಸ್ಟುಡಿಯೋ, ಇವೆರಡಕ್ಕೂ ಬೆಲೆಯಿಲ್ಲ. ಬಣ್ಣವು ಕ್ಯಾಮರಾದಲ್ಲಿ ಕಂಡಂತೆಯೇ ಬರುವುದು. ಆದರೆ ಒಬ್ಬರದು ಇನ್ನೊಬ್ಬರ ರಾ ಫೈಲನ್ನು ಮುಟ್ಟದು. ಕ್ಯಾಮರಾ ಬದಲಿಸುವ ಮನೆಗೆ ಡಾರ್ಕ್‌ಟೇಬಲ್, ರಾಥೆರಪಿ ಎಂಬ ಮುಕ್ತ ತಂತ್ರಾಂಶಗಳು ಲೇಸು. ಡಾರ್ಕ್‌ಟೇಬಲ್ಲಿನ ಮುಂದೆ ಮೊದಲ ಸಂಜೆ ಕುಳಿತ ನಾನು, ಗುಂಡಿಗಳ ಸಂತೆಯನ್ನು ಕಂಡು ಎದ್ದುಹೋದೆನು. ರಾಥೆರಪಿ ಕೊಂಚ ಒಗ್ಗಿತು.

ಇನ್ನೊಂದು ಸಂಗತಿಯನ್ನು ಆರಿಸುವವರು ವಿಚಾರಿಸುವುದೇ ಇಲ್ಲ. ಈ ತಂತ್ರಾಂಶಗಳು ಮೂಲ ಚಿತ್ರವನ್ನು ಕೆಡಿಸದೆ, ಮಾಡಿದ ತಿದ್ದುಪಡಿಯನ್ನು ಬೇರೆಯಾಗಿ ಬರೆದಿಡುವುವು: ಲೈಟ್‌ರೂಮ್ ತನ್ನ ಕ್ಯಾಟಲಾಗಿನಲ್ಲಿ, ರಾಥೆರಪಿ ಪಕ್ಕದ ಚಿಕ್ಕ ಫೈಲಿನಲ್ಲಿ. ಒಂದರ ಬರಹವನ್ನು ಮತ್ತೊಂದು ಪೂರ್ಣವಾಗಿ ಓದಲಾರದು. ಆಪಲ್ ಸಂಸ್ಥೆಯು ತನ್ನ ಅಪರ್ಚರ್ ಎಂಬ ತಂತ್ರಾಂಶದ ಮಾರಾಟವನ್ನು 2015ರಲ್ಲಿ ನಿಲ್ಲಿಸಿದಾಗ, ವರ್ಷಗಟ್ಟಲೆ ಅದರಲ್ಲಿ ತಿದ್ದಿದವರು ಬೇರೆಡೆಗೆ ಗುಳೆ ಹೋಗಬೇಕಾಯಿತು. ಹೊಸ ಕ್ಯಾಮರಾದಿಂದಲೂ ತೊಡಕುಂಟು: 2018ರಲ್ಲಿ ಕ್ಯಾನನ್ ತಂದ ಸಿಆರ್3 ಬಗೆಯ ಫೈಲನ್ನು ಅದಕ್ಕೆ ಹಿಂದಿನ ತಂತ್ರಾಂಶಗಳು ಗುರುತಿಸಲಾರವು. ಆದುದರಿಂದ ರಾ ಫೈಲು, ತಿದ್ದುಪಡಿಯ ಚಿಕ್ಕ ಫೈಲು, ಮುಗಿದ ಚಿತ್ರದ ಟಿಫ್ ಪ್ರತಿ, ಈ ಮೂರನ್ನೂ ಒಟ್ಟಿಗೆ, ಎರಡು ಡಿಸ್ಕುಗಳಲ್ಲಿ ಇಡತಕ್ಕದ್ದು.

ಭಾವನವರ ಚಿತ್ರವನ್ನು ರಾಥೆರಪಿಯಲ್ಲಿ ಮೊದಲಿನಿಂದ ಮಾಡಿದೆವು. ಅವರುಟ್ಟ ಬಿಳಿಯ ಪಂಚೆಯನ್ನು ಗುರುತಾಗಿ ಹಿಡಿದು ಬಣ್ಣದ ಹದ ಸರಿಪಡಿಸಲು ಕೆಂಪು ಇಳಿಯಿತು. ನೆರಳನ್ನು ಬೆಳಗಿಸಿದಾಗ ಮುಖದ ಮೇಲೆ ರವೆಯಂತಹ ಕಾಳು ಎದ್ದಿತು. ಅದನ್ನು ಪೂರ್ತಿ ಅಳಿಸುವೆನೆಂದನು ಅಳಿಯ; ಅಳಿಸಿದರೆ ಸುಕ್ಕುಗಳೂ ಹೋಗುವುವೆಂದು ನಾನು ತಡೆದೆನು. ಅಕ್ಕ ಬಹಳ ಹೊತ್ತು ನೋಡಿ, "ಆವತ್ತು ಕ್ಷೌರ ಮಾಡಿಸಿಕೊಂಡಿರಲಿಲ್ಲ" ಎಂದಳು. ಅದರ ಕಾಗದದ ಪ್ರತಿ ಈಗ ಭದ್ರಾವತಿಯ ಮನೆಯ ನಡುಮನೆಯಲ್ಲಿದೆ.