ಬ್ರಿಕ್ಸ್‌ಟನ್ ಪೇಟೆಯ ಬಟ್ಟೆ

1980ರ ದಶಕದ ಉತ್ತರಾರ್ಧದಲ್ಲಿ ಲಂಡನ್ನಿನ ಬಯಮ್ ಶಾ ಕಲಾಶಾಲೆಯಲ್ಲಿ ವ್ಯಾಸಂಗ ಮಾಡುತ್ತಿದ್ದ ತರುಣನೊಬ್ಬನು, ಆಗ ಜಗತ್ತೆಲ್ಲ ಚರ್ಚಿಸುತ್ತಿದ್ದ ಸೋವಿಯತ್ ರಷ್ಯದ ಪೆರೆಸ್ತ್ರೋಯಿಕಾ ಎಂಬ ಸುಧಾರಣೆಯನ್ನು ವಸ್ತುವಾಗಿಟ್ಟುಕೊಂಡು ಕೃತಿರಚನೆಯಲ್ಲಿ ತೊಡಗಿರಲು, ಅಧ್ಯಾಪಕರೊಬ್ಬರು ನೋಡಿ, ಆಫ್ರಿಕದವನಾದ ನೀನು ಅಪ್ಪಟ ಆಫ್ರಿಕದ ಕಲೆಯನ್ನೇಕೆ ಮಾಡುತ್ತಿಲ್ಲ ಎಂಬರ್ಥದ ಪ್ರಶ್ನೆಯನ್ನು ಹಾಕಿದರು. ಕೇಳಿದವರಿಗೆ ಅದು ಸಹಜವೆಂದೇ ತೋರಿರಬೇಕು. ಆದರೆ 1962ರಲ್ಲಿ ಲಂಡನ್ನಿನಲ್ಲಿಯೇ ಜನಿಸಿ, ಮೂರನೆಯ ವಯಸ್ಸಿನಲ್ಲಿ ನೈಜೀರಿಯದ ಲಾಗೋಸಿಗೆ ಹೋಗಿ, ಮನೆಯಲ್ಲಿ ಯೊರುಬಾ, ಶಾಲೆಯಲ್ಲಿ ಇಂಗ್ಲಿಷ್ ಎಂದು ಎರಡು ನುಡಿಗಳ ನಡುವೆ ಬೆಳೆದು, 17ನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಮರಳಿ, ಹದಿಹರೆಯದ ಕೊನೆಯಲ್ಲಿ ಬೆನ್ನುಹುರಿಯ ಉರಿಯೂತದಿಂದ ಶರೀರದ ಚಲನೆಯನ್ನೇ ಕಳೆದುಕೊಂಡು, ವರ್ಷಗಳ ಪ್ರಯಾಸದಿಂದ ಅದನ್ನು ಅಂಶತಃ ಮರಳಿ ಪಡೆದಿದ್ದ ಯಿಂಕಾ ಶೋನಿಬಾರೆಯವರಿಗೆ, ತಮ್ಮಲ್ಲಿ ಅಪ್ಪಟವಾದುದು ಯಾವುದೆಂದು ಹೊಳೆಯಲಿಲ್ಲ.

ಅವರು ಪ್ರಶ್ನೆಯನ್ನು ತಿರಸ್ಕರಿಸದೆ, ಅದರ ಬೆನ್ನು ಹತ್ತಿ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಪೇಟೆಗೆ ಹೋದರು. ಆಫ್ರಿಕದವರೂ ಕೆರಿಬಿಯನ್ ದ್ವೀಪಗಳವರೂ ನೆರೆಯುವ ಆ ಪೇಟೆಯಲ್ಲಿ, ಲಾಗೋಸಿನಲ್ಲಿ ಬಾಲ್ಯದಿಂದ ಕಂಡಿದ್ದ ಗಾಢವರ್ಣದ ಬಟ್ಟೆಗಳು ತೂಗುತ್ತಿದ್ದುವು. ಇವುಗಳಿಗಿಂತ ಆಫ್ರಿಕದ್ದೆನ್ನುವುದು ಮತ್ತಾವುದಿದ್ದೀತು! ವಿಚಾರಿಸಲಾಗಿ, ಅವು ಹಾಲೆಂಡಿನಲ್ಲಿ ತಯಾರಾದುವೆಂದು ತಿಳಿಯಿತು.

ಆ ಬಟ್ಟೆಯ ಚರಿತ್ರೆಯನ್ನು ಸಾವಧಾನವಾಗಿ ಅರಿಯಬೇಕು. ಜಾವಾ ದ್ವೀಪದ ಸ್ತ್ರೀಯರು ಕರಗಿದ ಮೇಣವನ್ನು ಪುಟ್ಟ ತಾಮ್ರದ ಕೊಳವೆಯಿಂದ ಬಟ್ಟೆಯ ಮೇಲೆ ಎಳೆದು, ಮೇಣ ಕುಳಿತೆಡೆ ಬಣ್ಣ ಹಿಡಿಯದಂತೆ ಅದ್ದಿ, ಮೇಣವನ್ನು ತೆಗೆದು, ಮತ್ತೆ ಎಳೆದು, ಮತ್ತೆ ಅದ್ದಿ, ಬಹುಕಾಲದ ಶ್ರಮದಿಂದ ಸಿದ್ಧಪಡಿಸುತ್ತಿದ್ದ ಬಾಟಿಕ್ ಬಟ್ಟೆಯನ್ನು, ಆ ದ್ವೀಪಗಳ ಪ್ರಭುಗಳಾಗಿದ್ದ ಡಚ್ಚರು ಕಂಡು, ಯಂತ್ರದಿಂದ ಅದನ್ನೇ ಅಗ್ಗವಾಗಿ ತಯಾರಿಸಿ ಅಲ್ಲಿಯವರಿಗೇ ಮಾರಿದರೆ ಲಾಭವುಂಟೆಂದು ಬಗೆದರು. ಇಂದು ವ್ಲಿಸ್ಕೋ ಎಂದು ಪ್ರಸಿದ್ಧವಾಗಿರುವ ಹೆಲ್ಮಂಡ್ ಪಟ್ಟಣದ ಕಾರ್ಖಾನೆ 1846ರದು. ಮ್ಯಾಂಚೆಸ್ಟರಿನವರೂ ಈ ವ್ಯಾಪಾರದಲ್ಲಿ ಹಿಂದುಳಿಯಲಿಲ್ಲ. ಯಂತ್ರಕ್ಕಾಗಿ ಮೇಣದ ಬದಲು ಬಳಸಿದ ರಾಳವು ಬಿರುಕುಬಿಟ್ಟು, ಆ ಬಿರುಕಿನೊಳಗೆ ಬಣ್ಣವಿಳಿದು, ಬಟ್ಟೆಯ ತುಂಬ ನವಿರಾದ ಗೆರೆಗಳು ಮೂಡಿದುವು. ಜಾವಾದವರ ಕಣ್ಣಿಗೆ ದೋಷವಾಗಿ ಕಂಡ ಆ ಗೆರೆಯೇ, 19ನೆಯ ಶತಮಾನದ ಅಂತ್ಯಭಾಗದಲ್ಲಿ ಇಂದಿನ ಘಾನಾದ ಕರಾವಳಿಗೆ ಬಂದಿಳಿದಾಗ, ಯಾವೆರಡು ತುಂಡುಗಳೂ ಒಂದೇ ತೆರನಾಗಿಲ್ಲವೆಂಬ ಕಾರಣಕ್ಕೆ ಗುಣವೆನಿಸಿತು. ಡಚ್ ಸೈನ್ಯಕ್ಕೆ ಸೇರಿ ಜಾವಾಕ್ಕೆ ಹೋಗಿದ್ದ ಆಫ್ರಿಕದ ಸೈನಿಕರು ಹಿಂದಿರುಗುವಾಗ ಈ ಅಭಿರುಚಿಯನ್ನು ತಂದರೆಂಬ ಪ್ರತೀತಿಯೂ ಉಂಟು. ಕಥೆ ಸೊಗಸಾಗಿದೆ, ಆದರೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಂತೂ ಪಶ್ಚಿಮ ಆಫ್ರಿಕದ ವ್ಯಾಪಾರಿ ಹೆಂಗಸರು ಒಂದೊಂದು ವಿನ್ಯಾಸಕ್ಕೂ ತಮ್ಮದೇ ಹೆಸರಿಟ್ಟು ಅದನ್ನು ತಮ್ಮದಾಗಿಸಿಕೊಂಡರು. ಸ್ವಾತಂತ್ರ್ಯದ ದಿನಗಳಲ್ಲಿ ಅದನ್ನು ಉಡುವುದೇ ಆಫ್ರಿಕದ ಸ್ವಾಭಿಮಾನದ ಚಿಹ್ನೆಯಾಯಿತು.

ಅಧ್ಯಾಪಕರ ಪ್ರಶ್ನೆಗೆ ಇದಕ್ಕಿಂತ ಮರ್ಮಭೇದಕವಾದ ಉತ್ತರವಿರಲಾರದು. 1994ರ ‘ಡಬಲ್ ಡಚ್’ ಎಂಬ ಕೃತಿಯಲ್ಲಿ ಶೋನಿಬಾರೆಯವರು ಕ್ಯಾನ್ವಾಸಿನ ಬದಲು ಈ ಬಟ್ಟೆಯನ್ನೇ ಚೌಕಟ್ಟಿಗೆ ಬಿಗಿದು, ಮೇಲೆ ಬಣ್ಣ ಬಳಿದು, ಅಂಥ 50 ಸಣ್ಣ ಫಲಕಗಳನ್ನು ಗುಲಾಬಿ ಬಣ್ಣದ ಗೋಡೆಯ ಮೇಲೆ ಹರಡಿದರು. ಭಿತ್ತಿಯನ್ನೆಲ್ಲ ಆಕ್ರಮಿಸುವ ಒಂದೇ ಬೃಹತ್ ಚಿತ್ರಕ್ಕೆ ಅವರ ಶರೀರವೂ ಒಪ್ಪುತ್ತಿರಲಿಲ್ಲ, ಅಂಥ ಆಡಂಬರಕ್ಕೆ ಮನಸ್ಸೂ ಒಲಿಯುತ್ತಿರಲಿಲ್ಲ. 1998ರಲ್ಲಿ ಅವರ ದೃಷ್ಟಿ, ಇಂಗ್ಲಿಷ್ ಚಿತ್ರಕಾರ ಗೇನ್ಸ್‌ಬರೋ ಸುಮಾರು 1750ರಲ್ಲಿ ಬರೆದ ಆಂಡ್ರ್ಯೂಸ್ ದಂಪತಿಗಳ ಚಿತ್ರದ ಮೇಲೆ ಬಿದ್ದಿತು. ಮೂಲದಲ್ಲಿ ದಂಪತಿಗಳ ಪಕ್ಕಕ್ಕೆ ಹರಡಿರುವ ಸ್ವಂತ ಜಮೀನನ್ನು ಇವರು ಪೂರ್ತಿಯಾಗಿ ಕಿತ್ತುಹಾಕಿ, ದಂಪತಿಗಳನ್ನು ಗೊಂಬೆಗಳಾಗಿಸಿ, ಅವಕ್ಕೆ ಆ ಕಾಲದ ಇಂಗ್ಲಿಷ್ ಶೈಲಿಯಲ್ಲಿಯೇ ಹೊಲಿದ, ಆದರೆ ಬ್ರಿಕ್ಸ್‌ಟನ್ನಿನಲ್ಲಿ ಕಂಡ ಆ ಬಟ್ಟೆಯ ಉಡುಪುಗಳನ್ನು ತೊಡಿಸಿ, ಬಂದೂಕನ್ನೂ ನಾಯಿಯನ್ನೂ ಉಳಿಸಿ, ತಲೆಗಳನ್ನು ಮಾತ್ರ ತೆಗೆದರು. ಫ್ರಾನ್ಸಿನ ಗಿಲೊಟಿನ್ನನ್ನು ನೆನಪಿಗೆ ತರುವ ಈ ವಿನೋದದೊಡನೆ ಮತ್ತೊಂದು ಪ್ರಯೋಜನವೂ ಸಿದ್ಧಿಸಿತು: ಮುಖವಿಲ್ಲದ, ಯಾವ ಜನಾಂಗಕ್ಕೂ ಸಲ್ಲದ ಮೈಬಣ್ಣದ ಆ ಗೊಂಬೆಗಳ ಕುಲವನ್ನು ನಿರ್ಣಯಿಸಲು ಪ್ರೇಕ್ಷಕನಿಗೆ ಆಧಾರವೇ ಇಲ್ಲವಾಯಿತು.

2003ರಲ್ಲಿ ಮೇಜಿನ ಮೇಲಿನ ಆಫ್ರಿಕದ ನಕ್ಷೆಯ ಸುತ್ತ 14 ಮಂದಿ ರುಂಡವಿಲ್ಲದವರನ್ನು ಕೂರಿಸಿ, ಆಫ್ರಿಕವನ್ನು ಹಂಚಿಕೊಳ್ಳುವ ಬಗ್ಗೆ ಯುರೋಪಿನ ರಾಷ್ಟ್ರಗಳು ಆಫ್ರಿಕದವರೊಬ್ಬರನ್ನೂ ಕರೆಯದೆ ನಡೆಸಿದ 1884-85ರ ಬರ್ಲಿನ್ ಸಮ್ಮೇಳನವನ್ನು ಅವರು ನೆನಪಿಸಿದರು. ಅವರ ಕೃತಿಗಳಲ್ಲಿ ಇದೇ ಅತ್ಯಂತ ತೀಕ್ಷ್ಣವಾದುದೆಂದು ನನ್ನ ಅಭಿಪ್ರಾಯ. ಮುಂದಿನ ಕೆಲವು ಗೊಂಬೆಗಳಲ್ಲಿ ಬಟ್ಟೆಯ ಸೊಬಗೇ ಮೇಲುಗೈಯಾಗಿ ವ್ಯಂಗ್ಯದ ಮೊನೆ ಮಂಕಾಗಿದೆಯೆಂದರೂ ತಪ್ಪಾಗಲಾರದು. 2004ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಹೆಸರಿನ ಎಂ.ಬಿ.ಇ. ಬಿರುದು ಬಂದಾಗ ಅವರು ಅದನ್ನು ನಿರಾಕರಿಸದೆ, ತಮ್ಮ ಹೆಸರಿನ ಭಾಗವಾಗಿಯೇ ಬರೆದುಕೊಳ್ಳತೊಡಗಿದರು! ಅದೂ ಆ ಬಟ್ಟೆಯ ಜಾತಿಯ ಹಾಸ್ಯವೇ.

2010ರಲ್ಲಿ ಟ್ರಫಾಲ್ಗರ್ ಚೌಕದ ಬರಿದಾಗಿದ್ದ ನಾಲ್ಕನೆಯ ಪೀಠದ ಮೇಲೆ, ಟ್ರಫಾಲ್ಗರ್ ಕದನದ ಬ್ರಿಟಿಷ್ ನೌಕಾಪತಿ ನೆಲ್ಸನ್ನನ ವಿಕ್ಟರಿ ನೌಕೆಯನ್ನು ಮೂವತ್ತರಲ್ಲೊಂದು ಪಾಲಿಗಿಳಿಸಿ, ಅದೇ ಬಗೆಯ ಬಟ್ಟೆಯ 37 ಹಾಯಿಗಳನ್ನು ಕಟ್ಟಿ, ಬೃಹತ್ ಸೀಸೆಯೊಳಗಿರಿಸಿದರು. ಸಾರ್ವಜನಿಕರ ವಂತಿಗೆಯೂ ಸೇರಿ 2012ರಲ್ಲಿ ಖರೀದಿಯಾದ ಆ ನೌಕೆ ಈಗ ಗ್ರೀನಿಚ್ಚಿನ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದ ಹೊರಗೆ ಬಯಲಲ್ಲಿದೆ. ಲಂಡನ್ನಿಗೆ ಹೋಗುವ ಓದುಗರು ಒಂದು ಮಧ್ಯಾಹ್ನವನ್ನು ಅದಕ್ಕಾಗಿ ತೆಗೆದಿಡಬಹುದು.